ಕುದುರೆಮುಖ: ಶಿಖರಕ್ಕೆ ಮುಂಚೆ ಕಾಡು

ಕುದುರೆಮುಖಕ್ಕೆ ಹೋಗಿ ಬಂದವರು ಸಿಕ್ಕರೆ ನಾವು ಮೊದಲು ಕೇಳುವುದು, "ತುದಿ ಮುಟ್ಟಿದಿರಾ?" ಅಂತ. ಆಮೇಲೆ, "ಎಷ್ಟು ಹೊತ್ತು ಹಿಡಿಯಿತು?" ಅದಾದ ಮೇಲೆ ಫೋಟೊ ನೋಡುತ್ತೇವೆ. ಕಾಡು ಹೇಗಿತ್ತು ಎಂದು ಕೇಳುವವರು ಕಡಿಮೆ. ಹತ್ತಿದವರಲ್ಲೂ ಎಷ್ಟೋ ಮಂದಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ಬೆಳಗಿನ ಜಾವ ಜೀಪು ಹತ್ತಿ, ಮುಂದೆ ನಡೆಯುವವನ ಹಿಮ್ಮಡಿ ನೋಡುತ್ತಾ ಏರಿ, ನೆತ್ತಿಯ ಮೇಲೆ ಹತ್ತು ನಿಮಿಷ ನಿಂತು, ಕತ್ತಲಾಗುವ ಮೊದಲು ಇಳಿದುಬಿಟ್ಟರೆ ಕಾಡು ಕಣ್ಣಿಗೆ ಬೀಳುವುದಾದರೂ ಯಾವಾಗ? ಈ ಹೊತ್ತು ನಾನು ಹೇಳಹೊರಟಿರುವುದು ಆ ಕಾಡಿನ ವಿಚಾರ. ಅಲ್ಲಿಗೆ ಹೋಗುವವರು ಏನನ್ನು ನೋಡಬಹುದು, ಹೇಗೆ ನಡೆಯಬೇಕು ಎಂಬ ವಿಚಾರ.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಬಹುದು. ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಬರಬಹುದು. ಶಿಖರಕ್ಕೆ ಹೋಗುವವರು ಹೆಚ್ಚಾಗಿ ಕಳಸದ ಕಡೆಯಿಂದ ಸಂಸೆಗೆ ಬಂದು, ಅಲ್ಲಿಂದ ಮುಳ್ಳೋಡಿಯ ದಾರಿ ಹಿಡಿಯುತ್ತಾರೆ. ಶಿಖರದ ಎತ್ತರ 1894 ಮೀಟರ್, ಮುಳ್ಳಯ್ಯನಗಿರಿಗಿಂತ ಕೊಂಚ ಗಿಡ್ಡ. ಆದರೆ ಮುಳ್ಳಯ್ಯನಗಿರಿಗೆ ಇಲ್ಲದ ಒಂದು ಗತ್ತು ಇದಕ್ಕಿದೆ. ಪಡುವಣ ಬದಿಯಲ್ಲಿ, ಬೆಳ್ತಂಗಡಿ ಸೀಮೆಯ ತೋಟಗಳ ತಗ್ಗಿನಿಂದ, ಇದು ಒಂದೇ ಏಟಿಗೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಆಕಾಶ ತಿಳಿಯಾಗಿದ್ದ ದಿನ ನೆತ್ತಿಯಿಂದ ನೋಡಿದರೆ ಕರಾವಳಿಯಾಚೆ ಸಮುದ್ರದ ಗೆರೆಯೂ ಕಾಣುತ್ತದೆ.

ಈ ಕಾಡನ್ನು ಮಾಡಿದ್ದೇ ಆ ಗೋಡೆ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಇಲ್ಲಿ ಡಿಕ್ಕಿ ಹೊಡೆಯುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಮೇಲೇರುತ್ತದೆ, ಮೇಲೇರಿದಷ್ಟೂ ತಣ್ಣಗಾಗುತ್ತದೆ, ಹೊತ್ತದ್ದನ್ನು ಇಲ್ಲೇ ಸುರಿಯುತ್ತದೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಕುದುರೆಮುಖದಲ್ಲಿ ಬೀಳುವುದು ಸುಮಾರು 7 ಸಾವಿರ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಆಮೇಲೆ ಫೆಬ್ರವರಿ, ಮಾರ್ಚ್ ಬಂದರೆ ಹನಿ ಮಳೆಯಿಲ್ಲ. ಆದರೂ ಹಳ್ಳಗಳಲ್ಲಿ ನೀರು ಹರಿಯುತ್ತಲೇ ಇರುತ್ತದೆ. ನಾಲ್ಕು ತಿಂಗಳ ಮಳೆ ಹನ್ನೆರಡು ತಿಂಗಳ ಹೊಳೆಯಾಗುವುದು ಹೇಗೆ? ಕುದುರೆಮುಖದಲ್ಲಿ ನೋಡಬೇಕಾದ್ದು ಮುಖ್ಯವಾಗಿ ಇದನ್ನೇ.

ಸಂಸೆ ಕಡೆಯಿಂದ ಬೆಟ್ಟ ಏರುವಾಗ ಕಣ್ಣಿಗೆ ಮೊದಲು ಬೀಳುವುದು ಹುಲ್ಲು. ಬೋಳು ಬೆನ್ನಿನ ಗುಡ್ಡಗಳು ಒಂದರ ಹಿಂದೊಂದು ನಿಂತಿರುತ್ತವೆ. ಮಳೆಗಾಲದಲ್ಲಿ ಹಸಿರು, ದೀಪಾವಳಿ ಕಳೆದ ಮೇಲೆ ಹೊಂಬಣ್ಣ. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ, ದಟ್ಟವಾಗಿ ಕಾಡು. ಈ ಮಡಿಕೆಯ ಕಾಡಿಗೆ ಶೋಲೆ ಎನ್ನುತ್ತಾರೆ. ಹೊಸದಾಗಿ ನೋಡಿದವರು, "ಅಯ್ಯೋ, ಗುಡ್ಡದ ಮೇಲಿನ ಮರವನ್ನೆಲ್ಲ ಕಡಿದುಬಿಟ್ಟಿದ್ದಾರಲ್ಲ!" ಎಂದು ಮರುಗುವುದುಂಟು. ಅದು ಕಡಿದ ಕಾಡಲ್ಲ. ಗುಡ್ಡದ ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಬೇಸಗೆಯಲ್ಲಿ ಬೆಂಕಿಯ ಕಾಟ. ಅಲ್ಲಿ ಹುಲ್ಲಿಗೇ ಬಾಳ್ವೆ. ಮಡಿಕೆಯಲ್ಲಿ ಮಣ್ಣು ಆಳ, ತೇವ ಕಾಯಂ, ಗಾಳಿಗೆ ಮರೆ. ಅಲ್ಲಿ ಮರಗಳಿಗೆ ಬಾಳ್ವೆ. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ಈ ಹಂಚಿಕೆ ಬಹಳ ಹಳೆಯದು. ನೀಲಗಿರಿಯ ಜವುಗು ನೆಲದ ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿದ ವಿಜ್ಞಾನಿಗಳು, 20 ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇತ್ತು ಎಂದು ಕಂಡುಕೊಂಡಿದ್ದಾರೆ. ಹಾಗಾಗಿ ಹುಲ್ಲುಗುಡ್ಡವನ್ನು ಖಾಲಿ ಜಾಗವೆಂದು ತಿಳಿದು ಅದರ ಮೇಲೆ ಮರ ನೆಡುವುದು ಉಪಕಾರವಲ್ಲ. ಆ ಹುಲ್ಲು ಕಾಟಿಯ ಮೇವು, ಕಡವೆಯ ಮೇವು, ಅವುಗಳ ಬೆನ್ನು ಹತ್ತಿದ ಹುಲಿಯ ನೆಲೆ.

ಬಿಸಿಲಿನಲ್ಲಿ ಹುಲ್ಲಿನ ದಾರಿ ಸವೆಸುತ್ತಾ ಬಂದು, ತಟ್ಟನೆ ಶೋಲೆಯ ಒಳಗೆ ಕಾಲಿಟ್ಟಾಗ ಮೊದಲು ಬದಲಾಗುವುದು ಮೈಗೆ ತಾಗುವ ಗಾಳಿ. ನಾಲ್ಕು ಹೆಜ್ಜೆಗೆ ಬೆವರು ತಣ್ಣಗಾಗುತ್ತದೆ. ಕಣ್ಣು ಹೊಂದಿಕೊಳ್ಳಲು ಕೊಂಚ ಹೊತ್ತು ಬೇಕು. ಆಮೇಲೆ ನೋಡಿದರೆ ಇಲ್ಲಿನ ಮರಗಳು ಮುಗಿಲಿಗೆ ಚಾಚಿದವಲ್ಲ. ಗಿಡ್ಡ, ಗಂಟುಗಂಟು, ಡೊಂಕು. ಗಾಳಿ ವರ್ಷವಿಡೀ ತಲೆ ಸವರುವುದರಿಂದ ಮೇಲಿನ ಕೊಂಬೆಗಳೆಲ್ಲ ಕತ್ತರಿ ಆಡಿಸಿದ ಹಾಗೆ ಸಮವಾಗಿರುತ್ತವೆ. ಗಿಡ್ಡವೆಂದು ಎಳೆಯವೆನ್ನುವಂತಿಲ್ಲ, ತೋಳಿನ ಅಳತೆಗೆ ಸಿಗದ ಬುಡಗಳಿವೆ.

ಒಂದೇ ಒಂದು ಮರದ ಮುಂದೆ ನಿಂತು ನೋಡಿ. ತೊಗಟೆ ಕಾಣಿಸುವುದೇ ಇಲ್ಲ. ಬುಡದಿಂದ ಆಳೆತ್ತರದವರೆಗೆ ದಪ್ಪನೆಯ ಹಾವಸೆ. ಬೆರಳಿನಿಂದ ಒತ್ತಿದರೆ ನೀರು ಇಳಿಯುತ್ತದೆ. ಮಳೆ ನಿಂತು ವಾರ ಕಳೆದಿದ್ದರೂ ಇಳಿಯುತ್ತದೆ. ಹಾವಸೆಯ ಮೇಲೆ ಜರಿಗಿಡ, ಜರಿಗಿಡದ ಸಂದಿಯಲ್ಲಿ ಸೀತಾಳೆಯ ಜಾತಿಯ ಹೂಗಿಡಗಳು. ಇನ್ನೂ ಮೇಲೆ, ಕವಲಿನಲ್ಲಿ, ಮಳೆಗಾಲವಾದರೆ ಮರಕೆಸ. ಮಲೆನಾಡಿನ ಮನೆಗಳಲ್ಲಿ ಪತ್ರೊಡೆಗೆ ಹುಡುಕಿ ತರುವ ಅದೇ ಮರಕೆಸ. ಇವು ಯಾವುವೂ ಮರದ ಸಾರ ಹೀರುವುದಿಲ್ಲ. ಮರ ಇವಕ್ಕೆ ಕೊಡುವುದು ಜಾಗ ಮಾತ್ರ. ನೀರನ್ನೂ ಗೊಬ್ಬರವನ್ನೂ ಇವು ಮಂಜಿನಿಂದ, ಮಳೆಯಿಂದ, ಕವಲಿನಲ್ಲಿ ಬಿದ್ದು ಕೊಳೆತ ಎಲೆಯಿಂದ ತಾವೇ ಹೊಂಚಿಕೊಳ್ಳುತ್ತವೆ.

ಇನ್ನು ಕಾಲಡಿ ನೋಡಿ. ಮೇಲೆ ಈ ಸಲದ ತರಗೆಲೆ, ಅದರ ಕೆಳಗೆ ಹಿಂದಿನ ವರ್ಷದ್ದು, ಅದರ ಕೆಳಗೆ ಎಲೆಯೋ ಮಣ್ಣೋ ಎಂದು ಹೇಳಲಾಗದ ಕಪ್ಪು ಪದರ. ಬೇರುಗಳ ಜಾಲ ಅದರೊಳಗೇ ಹೆಣೆದುಕೊಂಡಿರುತ್ತದೆ. ಆಷಾಢದಲ್ಲಿ ಸುರಿದ ಮಳೆ ಮರದ ತಲೆಯ ಮೇಲೆ ಬಿದ್ದು, ಕೊಂಬೆ ಇಳಿದು, ಹಾವಸೆಯಲ್ಲಿ ತಂಗಿ, ಈ ಕಪ್ಪು ಪದರಕ್ಕೆ ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಅವಸರವಿಲ್ಲ. ತುಂಬಿದ ಮನೆಯ ಅಜ್ಜಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನದ ಅಕ್ಕಿಯನ್ನು ಅಳೆದು ಕೊಡುವ ಹಾಗೆ ಶೋಲೆ ನೀರು ಕೊಡುತ್ತದೆ. ಯುಗಾದಿಯ ಹೊತ್ತಿಗೂ ಖಾಲಿಯಾಗುವುದಿಲ್ಲ. ನಾಲ್ಕು ತಿಂಗಳ ಮಳೆ ಹನ್ನೆರಡು ತಿಂಗಳ ಹೊಳೆಯಾಗುವುದು ಹೀಗೆ.

ಯಾವ ಹೊಳೆ ಎಂದು ಕೇಳಬಹುದು. ಗಂಗಾಮೂಲದ ಆಸುಪಾಸಿನ ಈ ಬೆಟ್ಟಸಾಲಿನಲ್ಲೇ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು. ತುಂಗೆ ಶೃಂಗೇರಿ, ತೀರ್ಥಹಳ್ಳಿಯ ದಾರಿ ಹಿಡಿದರೆ ಭದ್ರೆ ಕಳಸ, ಬಾಳೆಹೊನ್ನೂರಿನ ದಾರಿ ಹಿಡಿಯುತ್ತಾಳೆ. ಇಬ್ಬರೂ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟೆ ತುಂಬಿಸಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೇತ್ರಾವತಿ ಬೆನ್ನು ತಿರುಗಿಸಿ ಪಡುವಣಕ್ಕೆ ಇಳಿದು, ಧರ್ಮಸ್ಥಳ, ಬಂಟ್ವಾಳ ದಾಟಿ, ಮಂಗಳೂರಿನ ಜನರಿಗೆ ಕುಡಿಯುವ ನೀರಾಗಿ ಅರಬ್ಬೀ ಸಮುದ್ರ ಸೇರುತ್ತಾಳೆ. ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಈ ದಿನ ಬೆಳಿಗ್ಗೆ ಕಾಫಿಗೆ ಇಟ್ಟ ನೀರು ಈ ಶೋಲೆಗಳ ಪಾಲಿನದ್ದೇ ಇರಬಹುದು.

ಹಳ್ಳದ ಬದಿಗೆ ಬಂದರೆ ಸದ್ದು ಮಾಡದೆ ಒಂದು ಕಲ್ಲಿನ ಮೇಲೆ ಕೂರಿ. ಮಳೆಗಾಲ ಕಳೆದು ನೀರು ಇಳಿಮುಖವಾದ ದಿನಗಳಾದರೆ ಒದ್ದೆ ಬಂಡೆಗಳ ಮೇಲೆ ಹೆಬ್ಬೆರಳಿನಷ್ಟೂ ದೊಡ್ಡದಲ್ಲದ ಕಂದು ಕಪ್ಪೆಗಳು ಕಾಣಬಹುದು. ಗಂಡು ಕಪ್ಪೆ ಇದ್ದಕ್ಕಿದ್ದಂತೆ ಹಿಂಗಾಲೊಂದನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆ ಬಿಡಿಸಿ, ಬೀಸಿ, ಮತ್ತೆ ಮಡಚುತ್ತದೆ. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಒಂದೇ ಸಾಲದು. ಅದಕ್ಕೇ ಕಾಲು ಬೀಸಿ ಎದುರಾಳಿಗೆ ಎಚ್ಚರಿಕೆ ಕೊಡುವುದು. ಪಶ್ಚಿಮ ಘಟ್ಟದ ಹೊರಗೆ ಈ ಕುಣಿಯುವ ಕಪ್ಪೆಗಳ ಕುಲವೇ ಇಲ್ಲ. 2014ರಲ್ಲಿ ಕಪ್ಪೆಗಳ ಅಧ್ಯಯನಕಾರ ಎಸ್.ಡಿ. ಬಿಜು ಮತ್ತು ಅವರ ಸಂಗಡಿಗರು ಒಂದೇ ಸಲಕ್ಕೆ 14 ಹೊಸ ಪ್ರಭೇದಗಳನ್ನು ಗುರುತಿಸಿ ಪ್ರಕಟಿಸಿದರು. ನಮ್ಮ ಕಾಲದಲ್ಲೂ ಈ ಘಟ್ಟದ ಹಳ್ಳಗಳಲ್ಲಿ ಹೆಸರಿಲ್ಲದ ಜೀವಗಳಿದ್ದವು. ಇನ್ನೂ ಇರಬಹುದು.

ಶೋಲೆಯಿಂದ ಕೆಳಗಿಳಿದರೆ ಎತ್ತರದ ನಿತ್ಯಹರಿದ್ವರ್ಣದ ಕಾಡು. ಧೂಪ, ಬಲಗಿ, ಉಪ್ಪಾಗೆ, ರಾಂಪತ್ರೆ. ಇದು ಸಿಂಗಳೀಕಗಳ ರಾಜ್ಯ. ಕರಿಯ ಮೈ, ಮುಖದ ಸುತ್ತ ಬೆಳ್ಳಿಗಡ್ಡ, ಬಾಲದ ತುದಿಯಲ್ಲಿ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಕೋತಿ. ಕಾಡಿನಲ್ಲಿ ಉಳಿದಿರುವುದು ಕೆಲವೇ ಸಾವಿರ. ಇವುಗಳ ಬದುಕೆಲ್ಲ ಮರದ ಮೇಲೆಯೇ. ಹಣ್ಣು, ಹುಳ, ಚಿಗುರು, ನಿದ್ದೆ ಎಲ್ಲವೂ ಅಲ್ಲೇ. ಆದ್ದರಿಂದ ಕೊಂಬೆಗೆ ಕೊಂಬೆ ಕೂಡಿಕೊಂಡ ಕಾಡು ಇವಕ್ಕೆ ಬೇಕೇ ಬೇಕು. ನಡುವೆ ಅಗಲವಾದ ರಸ್ತೆಯೋ ತೋಟವೋ ಬಂದರೆ ಹಿಂಡು ಅತ್ತ ಇತ್ತ ಬೇರೆಯಾಗುತ್ತದೆ.

ಈ ಉದ್ಯಾನಕ್ಕೂ ಸಿಂಗಳೀಕಕ್ಕೂ ಋಣಾನುಬಂಧವಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಇಷ್ಟು ದೊಡ್ಡ, ಮುರಿಯದ ಕಾಡು ಕುದುರೆಮುಖದ ಸುತ್ತ ಉಳಿದಿದೆ, ಇದನ್ನು ಕಾಪಾಡಬೇಕು ಎಂದು ಅವರು ಕೊಟ್ಟ ಸಲಹೆಯ ಹಿನ್ನೆಲೆಯಲ್ಲಿ 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಹುಲಿಗಾಗಿ, ಆನೆಗಾಗಿ ಆದ ಉದ್ಯಾನಗಳು ನಮ್ಮಲ್ಲಿ ಇವೆ. ಕೋತಿಯ ನೆಪದಲ್ಲಿ ಇಷ್ಟು ದೊಡ್ಡ ಕಾಡು ಉಳಿದದ್ದು ವಿಶೇಷ.

ಆದರೆ ಆಗಲೇ ಈ ಬೆಟ್ಟದ ಎದೆಯಲ್ಲಿ ಗಣಿ ಕೂತಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರಿಗೆಂದೇ ಲಖ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಿದರು. ಕಾಡಿನ ನಡುವೆ ಊರು ಎದ್ದಿತು. ಶಾಲೆ, ಆಸ್ಪತ್ರೆ, ಸಾವಿರಾರು ಜನರಿಗೆ ಅನ್ನ. ಇದನ್ನೂ ಮರೆಯಬಾರದು. ಆದರೆ ಅಗೆದ ಗುಡ್ಡದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯತೊಡಗಿದಾಗ ಕೆಳಗಿನ ಊರುಗಳವರು, ಪರಿಸರದ ಕೆಲಸ ಮಾಡುವವರು ದನಿಯೆತ್ತಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಕೊನೆಯೊಳಗೆ ಗಣಿ ನಿಲ್ಲಬೇಕು ಎಂದಿತು, ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಕುದುರೆಮುಖವೂ ಇತ್ತು. ಈಗ ಆ ದಾರಿಯಲ್ಲಿ ಹೋದರೆ ಜನ ಕರಗಿದ ಪಟ್ಟಣ ಕಾಣುತ್ತದೆ, ಗಾಯ ಮಾಯುತ್ತಿರುವ ಗುಡ್ಡವೂ ಕಾಣುತ್ತದೆ. ಮುಚ್ಚಿದ ಗಣಿಯ ಊರನ್ನು ನೋಡುವಾಗ ಇದೊಂದು ಲೆಕ್ಕ ನೆನಪಿರಲಿ: ಅದಿರು ತೆಗೆದದ್ದು ಮೂವತ್ತು ವರ್ಷದೊಳಗಿನ ಮಾತು, ಹೊಳೆ ಅದಕ್ಕಿಂತ ಎಷ್ಟೋ ಹಿಂದಿನಿಂದ ಹರಿಯುತ್ತಿದೆ.

ಈ ಕಾಡಿನಲ್ಲಿ ಜನರೂ ಇದ್ದಾರೆ. ಮಲೆಕುಡಿಯರು, ಗೌಡ್ಲು ಸಮುದಾಯದವರು, ಗದ್ದೆ ತೋಟ ಮಾಡಿಕೊಂಡ ಇತರರು ತಲೆಮಾರುಗಳಿಂದ ಇಲ್ಲಿ ಬಾಳಿದವರು. ಪರಿಹಾರ ಪಡೆದು ಹೊರಗೆ ಹೋದವರಿದ್ದಾರೆ, ಹೋಗಲೊಲ್ಲದೆ ಉಳಿದವರಿದ್ದಾರೆ. ಚಾರಣಕ್ಕೆ ಬರುವವರಿಗೆ ದಾರಿ ತೋರಿಸುವವರು ಬಹುಪಾಲು ಈ ಊರುಗಳ ಹುಡುಗರೇ. "ಅಣ್ಣ, ತುದಿಗೆ ಇನ್ನೆಷ್ಟು ದೂರ?" ಎಂದು ಕೇಳಿದರೆ, "ಇಲ್ಲೇ ಮಾರಾಯ್ರೆ, ಆ ಗುಡ್ಡ ಹತ್ತಿದ್ರೆ ಆಯ್ತು" ಎನ್ನುತ್ತಾರೆ. ಆ ಗುಡ್ಡ ಹತ್ತಿದ ಮೇಲೆ ಇನ್ನೊಂದು ಗುಡ್ಡ ಇರುತ್ತದೆ. ಅದರ ಬದಲು, "ಅಣ್ಣ, ಈ ಹಣ್ಣು ಯಾವುದು? ಈ ಹೆಜ್ಜೆ ಯಾರದ್ದು?" ಎಂದು ಕೇಳಿ ನೋಡಿ. ಅಲ್ಲಿಯವರೆಗೆ ಸುಮ್ಮನಿದ್ದವರು ಮಾತಾಡತೊಡಗುತ್ತಾರೆ. ಸಿಳ್ಳಾರದ ಸಿಳ್ಳೆ ಯಾವುದು, ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಯಾವುದು, ಕಾಟಿ ಈ ದಾರಿ ದಾಟಿ ಎಷ್ಟು ಹೊತ್ತಾಗಿರಬಹುದು ಎಂಬುದು ಅವರಿಗೆ ಗೊತ್ತು.

ಇನ್ನು ಹೋಗುವವರಿಗೆ ನಾಲ್ಕು ಮಾತು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಚಾರಣಕ್ಕೆಂದು ಜಮಾಯಿಸಿದ್ದು ನಿಮಗೆ ನೆನಪಿರಬಹುದು. ಆಮೇಲೆ ಸರ್ಕಾರ ಚಾರಣದ ದಾರಿಗಳಿಗೆಲ್ಲ ಆನ್‌ಲೈನ್ ಬುಕಿಂಗ್ ತಂದಿತು. ಅರಣ್ಯ ವಿಹಾರ ಎಂಬ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ಹಾವಸೆಯ ಮೇಲೆ ನಡೆಯುವ ಕಾಲುಗಳಿಗೆ ಒಂದು ಲೆಕ್ಕ ಬೇಕು. ಬೇಸಗೆಯಲ್ಲಿ ಬೆಂಕಿಯ ಭಯದಿಂದ ದಾರಿ ಮುಚ್ಚುತ್ತಾರೆ. ಆಗ ಹೋಗುವ ಹಟ ಬೇಡ. ಒಣಗಿದ ಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು.

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಹೆಚ್ಚುಕಡಿಮೆ 20 ಕಿಲೋಮೀಟರ್ ನಡಿಗೆ. ಅಭ್ಯಾಸವಿಲ್ಲದವರಿಗೆ ಇಡೀ ದಿನ ಬೇಕು. ಅಷ್ಟು ಆಗದು ಎನ್ನುವವರಿಗೆ ಕುರಿಂಜಾಲು ಇದೆ, ಗಂಗಡಿಕಲ್ಲು ಇದೆ. ದೂರ ಕಡಿಮೆ, ಶೋಲೆ, ಹುಲ್ಲು ಎರಡೂ ಸಿಗುತ್ತವೆ. ಹಿರಿಯರಿಗೂ ಮಕ್ಕಳಿಗೂ ಅವೇ ಲೇಸು.

ಮಳೆಗಾಲದಲ್ಲಿ ಹೋದರೆ ಇಂಬಳಗಳಿಗೆ ಸಿದ್ಧರಾಗಿ. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಾಲುಚೀಲ ಕೆಂಪಾದಾಗಲೇ ತಿಳಿಯುವುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ರಕ್ತ ಒಸರುತ್ತದೆ. ಹೆದರುವಂಥದ್ದೇನಿಲ್ಲ. ಕಿತ್ತೆಳೆಯಬೇಡಿ. ಉಗುರಿನಿಂದ ಮೆಲ್ಲಗೆ ಜಾರಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ಊರಿನವರು ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಬಳಸುತ್ತಾರೆ. ಇಂಬಳಕ್ಕಿಂತ ಎಚ್ಚರ ಬೇಕಾದ್ದು ಬೇಸಗೆ ಕಡೆಯ ದಿನಗಳ ಉಣ್ಣೆಗಳ ಬಗ್ಗೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಇನ್ನೂ ಇದೆ. ಅದನ್ನು ಹರಡುವುದು ಉಣ್ಣೆ. ಉದ್ದ ತೋಳಿನ ಅಂಗಿ ತೊಡಿ. ತರಗೆಲೆಯ ಮೇಲೆ ಕಾಲು ಚಾಚಿ ಕೂರಬೇಡಿ. ಸತ್ತ ಮಂಗ ಕಂಡರೆ ದೂರವಿದ್ದು ಅರಣ್ಯ ಸಿಬ್ಬಂದಿಗೆ ತಿಳಿಸಿ.

ಮಂಜು ಕವಿದರೆ ನಿಂತುಬಿಡಿ. ಹುಲ್ಲುಗುಡ್ಡದಲ್ಲಿ ಕಾಲುದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಮೊಬೈಲಿನ ನೆಟ್‌ವರ್ಕ್ ನಂಬಿ ಗುಂಪು ಬಿಡಬೇಡಿ. ಹಳ್ಳ ತುಂಬಿದ್ದರೆ ದಾಟಬೇಡಿ. ಜಲಪಾತದ ಬುಡದ ಬಂಡೆ ಎಷ್ಟೇ ಒಣಗಿದ ಹಾಗೆ ಕಂಡರೂ ನಂಬಬೇಡಿ. ಕೋತಿಗಳಿಗೆ, ಅದರಲ್ಲೂ ಸಿಂಗಳೀಕಕ್ಕೆ, ಬಿಸ್ಕತ್ತು ಎಸೆಯಬೇಡಿ. ಮರದ ಮೇಲಿನ ಜೀವವನ್ನು ರಸ್ತೆಗೆ ಇಳಿಸಿ ವಾಹನದ ಗಾಲಿಗೆ ಕೊಟ್ಟ ಹಾಗಾಗುತ್ತದೆ. ಸ್ಪೀಕರು ಮನೆಯಲ್ಲೇ ಇರಲಿ. ಒಯ್ದ ಪ್ಲಾಸ್ಟಿಕ್ಕೆಲ್ಲ ಅದೇ ಚೀಲದಲ್ಲಿ ವಾಪಸು ಬರಲಿ.

ಕೊನೆಯದಾಗಿ ಒಂದು ಕೋರಿಕೆ. ಕುದುರೆಮುಖಕ್ಕೆ ಹೋಗುವ ದಿನ ಶಿಖರಕ್ಕೆ ಅಂತ ಇಟ್ಟುಕೊಂಡ ಹೊತ್ತಿನಲ್ಲಿ ಒಂದು ಗಂಟೆಯನ್ನು ಶೋಲೆಗೆ ಬಿಟ್ಟುಕೊಡಿ. ನಡೆಯುವುದು ಬೇಡ, ಮಾತಾಡುವುದು ಬೇಡ, ಒಂದು ಹಳ್ಳದ ಬದಿ ಕೂತರೆ ಸಾಕು. ಆ ಗಂಟೆಯಿಂದಾಗಿ ತುದಿ ತಲುಪಲಾಗದೆ ಹೋದರೂ ನಷ್ಟವಿಲ್ಲ. 1894 ಮೀಟರ್ ಎತ್ತರದ ಆ ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ಸಲ ಹತ್ತಬಹುದು. ಶೋಲೆಯ ಮಾತು ಹಾಗಲ್ಲ. ಒಮ್ಮೆ ಹೋದರೆ ಮತ್ತೆ ನೆಟ್ಟು ಬೆಳೆಸುವ ಕಾಡು ಅದಲ್ಲ. ಅದನ್ನು ಕಣ್ಣಾರೆ ನೋಡಿದವರು ಹೆಚ್ಚಾದಷ್ಟೂ ಅದರ ಪರವಾಗಿ ಮಾತಾಡುವವರು ಹೆಚ್ಚಾಗುತ್ತಾರೆ. ನೋಡಿ ಬನ್ನಿ.